ಹಿಂಬದಿಯ ಸಣ್ಣಕ್ಷರ: ರಷ್ಯಾ ಕ್ರಾಂತಿಕಾಲದ ಚಿತ್ರಪುಸ್ತಕ ಕೊಳ್ಳುವವರಿಗೆ

ರಷ್ಯಾದಲ್ಲಿ 1905ರ ದಂಗೆಯಿಂದ 1930ರ ದಶಕದ ನಡುವಿನವರೆಗೆ ಅಚ್ಚಾದ ಪುಸ್ತಕ, ಪತ್ರಿಕೆಗಳನ್ನು ಕೂಡಿಡುವವರಲ್ಲಿ ರಷ್ಯನ್ ಓದಲು ಬಾರದವರು ಧಾರಾಳವಾಗಿದ್ದಾರೆ. ಅದೇನೂ ದೊಡ್ಡ ಕೊರತೆಯಲ್ಲ. ಮಾಯಕೋವ್‌ಸ್ಕಿಯ ಕವಿತೆ ಬೇಕೆಂದರೆ ಯಾವುದಾದರೂ ಸಮಗ್ರ ಸಂಪುಟದಲ್ಲಿ ಸಿಗುತ್ತದೆ. ಆದರೆ ಅದೇ ಕವಿಯ ‘ಪ್ರೊ ಎತೊ’ಗೆ ಅಲೆಕ್ಸಾಂದರ್ ರೋದ್‌ಚೆಂಕೊ ಫೋಟೊಗಳನ್ನು ಕತ್ತರಿಸಿ, ಜೋಡಿಸಿ ಮಾಡಿದ ಚಿತ್ರಗಳು ಕಲಾವಿದನ ಕಣ್ಣೆದುರಿಗೇ ಅಚ್ಚಾದದ್ದು 1923ರ ಮುದ್ರಣದಲ್ಲಿ ಮಾತ್ರ. ದುಡ್ಡು ಕೊಡುವುದು ಆ ಹಾಳೆಗೆ, ಆ ಮಸಿಗೆ, ಆ ಮುಖಪುಟಕ್ಕೆ. ಹಾಗಾಗಿ ಮುಖಪುಟ ಕಿತ್ತು ಗಟ್ಟಿ ರಟ್ಟು ಕಟ್ಟಿಸಿದ ‘ಅಚ್ಚುಕಟ್ಟಾದ’ ಪ್ರತಿಗಿಂತ, ಅಂಚು ಹರಿದು ಪಿನ್ನು ತುಕ್ಕು ಹಿಡಿದ, ಮುಖಪುಟ ಉಳಿದಿರುವ ಪ್ರತಿಗೇ ಬೆಲೆ ಹೆಚ್ಚು. ಮಾರುವವರು ಹಾಕುವ ಗುಣವಾಚಕಗಳನ್ನು ಬದಿಗಿಟ್ಟು, ಪುಸ್ತಕದ ಕೊನೆಯ ಪುಟದ ಸಣ್ಣಕ್ಷರವನ್ನೂ ಭೂತಗನ್ನಡಿಯಲ್ಲಿ ಕಾಣುವ ಮಸಿಯನ್ನೂ ನಂಬಬೇಕು.

ಸಿಗುವ ಸರಕು ಮುಖ್ಯವಾಗಿ ನಾಲ್ಕು ಬಗೆ. ಮೊದಲನೆಯದು 1905–06ರ ವಿಡಂಬನ ಪತ್ರಿಕೆಗಳು. ಚಕ್ರವರ್ತಿ ಪ್ರಜೆಗಳಿಗೆ ಹಕ್ಕುಗಳ ಭರವಸೆ ಕೊಟ್ಟ ಅಕ್ಟೋಬರ್ ಪ್ರಣಾಳಿಕೆಯ ನಂತರ ಸೆನ್ಸಾರ್ ಸಡಿಲಗೊಂಡ ಕೆಲವು ತಿಂಗಳಲ್ಲಿ ಇವು ನಾಯಿಕೊಡೆಗಳಂತೆ ಎದ್ದವು, ಅಷ್ಟೇ ಬೇಗ ಮುಚ್ಚಿಸಿಕೊಂಡವು. ಸೆರೋವ್, ದೊಬುಝಿನ್‌ಸ್ಕಿ, ಬಿಲಿಬಿನ್ ಚಿತ್ರ ಬರೆದ ‘ಝೂಪೆಲ್’ ಹೊರಬಂದದ್ದು ಮೂರೇ ಸಂಚಿಕೆ. ರಾಜಲಾಂಛನದ ಚೌಕಟ್ಟಿನೊಳಗೆ ಬಿಲಿಬಿನ್ ಕತ್ತೆಯನ್ನು ನಿಲ್ಲಿಸಿದ್ದು ಆ ಮೂರನೆಯದರಲ್ಲಿ. ಎರಡನೆಯದು 1912–16ರ ಫ್ಯೂಚರಿಸ್ಟ್ (ಹಳೆಯ ಕಲೆಯನ್ನು ಧಿಕ್ಕರಿಸಿದ ಪಂಥದ) ಕಿರುಪುಸ್ತಕಗಳು: ಕಲ್ಲಚ್ಚಿನವು (ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತಿದವು), ಕೈಯಲ್ಲಿ ಹೊಲಿದವು, 200–300 ಪ್ರತಿಗಳ ಲೆಕ್ಕದವು. ಕಮೆನ್‌ಸ್ಕಿಯ ‘ಹಸುಗಳೊಂದಿಗೆ ಟ್ಯಾಂಗೊ’ (1914) ಗೋಡೆಗೆ ಅಂಟಿಸುವ ಕಾಗದದ ಹಿಂಬದಿಯಲ್ಲಿ ಅಚ್ಚಾಗಿದೆ, ಮೇಲಿನ ಬಲಮೂಲೆ ಕತ್ತರಿಸಿ ಪುಸ್ತಕವನ್ನು ಐದು ಮೂಲೆಯದಾಗಿಸಿದ್ದಾರೆ. ಅದನ್ನು ಹರಿದ ಮೂಲೆಯೆಂದು ಪಟ್ಟಿಯಲ್ಲಿ ‘ದೋಷ’ ಅಂತ ನಮೂದಿಸುವವರು ಇದ್ದರೆ, ಅವರ ಉಳಿದ ವಿವರಣೆಯನ್ನೂ ಅನುಮಾನದಿಂದಲೇ ಓದಬೇಕು. ಮೂರನೆಯದು ಜ್ಯಾಮಿತಿಯ ಆಕಾರ, ಫೋಟೊಗಳಿಂದ ಪುಟ ಕಟ್ಟಿದ 1920ರ ದಶಕದ ಕನ್‌ಸ್ಟ್ರಕ್ಟಿವಿಸ್ಟ್ ಪುಸ್ತಕ, ಪತ್ರಿಕೆಗಳು. ‘ಲೆಫ್’, ‘ನೋವಿ ಲೆಫ್’ ಇವೆಲ್ಲ ಇಲ್ಲಿಗೆ ಸೇರುತ್ತವೆ. ನಾಲ್ಕನೆಯದು ಅದೇ ದಶಕದ ಮಕ್ಕಳ ಚಿತ್ರಪುಸ್ತಕಗಳು. ಮರ್ಶಾಕ್ ಬರೆದು ಲೆಬೆದೆವ್ ಚಿತ್ರಿಸಿದ ‘ಸರ್ಕಸ್’, ‘ಐಸ್‌ಕ್ರೀಮ್’ (ಎರಡೂ 1925) ಇದರ ಶಿಖರ. ಹತ್ತು–ಹದಿನಾರು ಪುಟ, ಎರಡು ಪಿನ್ನು, ಅಷ್ಟೇ. ಸಾವಿರಾರು ಅಚ್ಚಾದರೂ ಮಕ್ಕಳ ಕೈಗೆ ಸಿಕ್ಕಿದ್ದರಿಂದ ಉಳಿದದ್ದು ಕಡಿಮೆ.

ಹೊಸಬರು ಸಾಮಾನ್ಯವಾಗಿ ಹೆಸರಾಂತ ವಿನ್ಯಾಸಕಾರ ಎಲ್ ಲಿಸಿತ್ಸ್ಕಿಯಿಂದ ಶುರು ಮಾಡಲು ಹೋಗುತ್ತಾರೆ. ಬೇಡ. ಬರ್ಲಿನ್‌ನಲ್ಲಿ 1923ರಲ್ಲಿ ಅಚ್ಚಾದ, ಮಾಯಕೋವ್‌ಸ್ಕಿಯ ಕವಿತೆಗಳಿಗೆ ಅವನು ವಿನ್ಯಾಸ ಮಾಡಿದ ‘ದ್ಲ್ಯಾ ಗೋಲಸಾ’ಗೆ ಲಕ್ಷಗಳಲ್ಲಿ ಬೆಲೆ, ಕೈ ಪಳಗುವ ಮೊದಲೇ ಅಷ್ಟು ಸುರಿಯುವುದು ಜಾಣತನವಲ್ಲ. ಹೆಸರಿಲ್ಲದ ಕಲಾವಿದರು ಮುಖಪುಟ ಮಾಡಿದ 1924–30ರ ಕರಪುಸ್ತಕಗಳು, ಕಾರ್ಮಿಕ ಸಂಘಗಳ ಪತ್ರಿಕೆಗಳು, ತಂತ್ರಜ್ಞಾನದ ಕಿರುಹೊತ್ತಗೆಗಳು ಇನ್ನೂ ಕೈಗೆಟಕುವ ಬೆಲೆಗೆ ಸಿಗುತ್ತವೆ, ಮುಖಪುಟದ ವಿನ್ಯಾಸದಲ್ಲಿ ಎಷ್ಟೋ ಸಲ ಹೆಸರಾಂತರಿಗೆ ಕಡಿಮೆಯೇನಿಲ್ಲ.

ಈಗ ಸಣ್ಣಕ್ಷರಕ್ಕೆ ಬರೋಣ. ಸೋವಿಯತ್ ಪುಸ್ತಕದ ಮುದ್ರಣ ವಿವರ ಶೀರ್ಷಿಕೆ ಪುಟದ ಹಿಂಬದಿಯಲ್ಲೋ ಕೊನೆಯ ಪುಟದ ಬುಡದಲ್ಲೋ ಇರುತ್ತದೆ. ಅದರಲ್ಲಿ ಮುದ್ರಣಾಲಯದ ಹೆಸರು, ‘ತಿರಾಝ್’ ಅಂದರೆ ಪ್ರತಿಗಳ ಸಂಖ್ಯೆ, ಜೊತೆಗೆ ‘ಗ್ಲಾವ್‌ಲಿತ್’ ಎಂಬ ಪದದ ಮುಂದೊಂದು ನಂಬರು ಇರುತ್ತದೆ. ಗ್ಲಾವ್‌ಲಿತ್ ಎಂದರೆ ಸೆನ್ಸಾರ್ ಕಚೇರಿ. ಅದು ಹುಟ್ಟಿದ್ದು 1922ರ ಜೂನ್‌ನಲ್ಲಿ. ಹಾಗಾಗಿ ‘1920’ ಎಂದು ಮಾರಾಟಕ್ಕಿಟ್ಟ ಪುಸ್ತಕದಲ್ಲಿ ಗ್ಲಾವ್‌ಲಿತ್ ನಂಬರು ಕಂಡರೆ ಅದು ಮರುಮುದ್ರಣ, ಇಲ್ಲವೇ ಮಾರುವವರ ಊಹೆ. ಊರಿನ ಹೆಸರೂ ಹೀಗೇ ಸಾಕ್ಷಿ ಹೇಳುತ್ತದೆ: 1914ರವರೆಗೆ ಸೇಂಟ್ ಪೀಟರ್ಸ್‌ಬರ್ಗ್, ಅಲ್ಲಿಂದ 1924ರ ಜನವರಿವರೆಗೆ ಪೆತ್ರೊಗ್ರಾದ್, ನಂತರ ಲೆನಿನ್‌ಗ್ರಾದ್. ಸರ್ಕಾರಿ ಪ್ರಕಾಶನ ಗೊಸಿಝ್‌ದಾತ್ 1919ರಲ್ಲಿ ಶುರುವಾಯಿತು. ಚಿತ್ರಕಲೆಗೆಂದೇ ಇದ್ದ ಇಝೊಗಿಝ್ 1930ರದ್ದು.

ಅಕ್ಷರಗಳನ್ನೂ ನೋಡಿ. ಕ್ರಾಂತಿಯಾದ ಬೆನ್ನಲ್ಲೇ 1917–18ರಲ್ಲಿ ರಷ್ಯನ್ ಕಾಗುಣಿತ ಬದಲಾಯಿತು. ಅದಕ್ಕೂ ಮೊದಲು ವ್ಯಂಜನದಲ್ಲಿ ಮುಗಿಯುವ ಪದಗಳ ಕೊನೆಗೆ, ತಲೆಯಲ್ಲಿ ಎಡಕ್ಕೆ ಸಣ್ಣ ಚಾಚು ಇರುವ, ರೋಮನ್ ‘ಬಿ’ಯನ್ನು ಹೋಲುವ ಒಂದು ಅಕ್ಷರ ಬರುತ್ತಿತ್ತು. ಹಳೆಯ ಪುಟದಲ್ಲಿ ಅದು ಮತ್ತೆ ಮತ್ತೆ ಕಾಣುತ್ತದೆ. ರಷ್ಯನ್ ಬಾರದವರೂ ಎಣಿಸಬಹುದು. ಹೊಸ ಕಾಗುಣಿತದಲ್ಲಿ ಪದದ ಕೊನೆಯಿಂದ ಅದು ಮಾಯವಾಯಿತು. ಕೆಲವೆಡೆ ಅಚ್ಚುಕೂಟದಿಂದ ಆ ಅಕ್ಷರದ ಅಚ್ಚುಮೊಳೆಗಳನ್ನೇ ಹೊತ್ತೊಯ್ದದ್ದರಿಂದ, ಪದದ ನಡುವೆ ಅದು ಬೇಕೇ ಬೇಕಾದ ಕಡೆ ಮೊಳೆ ಜೋಡಿಸುವವರು ಮೇಲುಚಿಹ್ನೆ (ಅಪಾಸ್ಟ್ರಫಿ) ಹಾಕಿ ಕೆಲಸ ಸಾಗಿಸಿದರು. ಪದದ ನಡುವೆ ಆ ಚಿಹ್ನೆ ಕಂಡರೆ ಪುಸ್ತಕ 1918ರ ಈಚಿನದು ಎಂದು ಧೈರ್ಯವಾಗಿ ಹೇಳಬಹುದು. ಒಂದು ಎಚ್ಚರಿಕೆ: ದೇಶ ಬಿಟ್ಟು ಬರ್ಲಿನ್, ಪ್ಯಾರಿಸ್ ಸೇರಿದ ಪ್ರಕಾಶಕರಲ್ಲಿ ಹಲವರು ಹಳೆಯ ಕಾಗುಣಿತವನ್ನೇ ಹಟ ಹಿಡಿದು ಮುಂದುವರಿಸಿದರು. ಹಾಗಾಗಿ ಹಳೆಯ ಕಾಗುಣಿತ ಕಂಡ ಮಾತ್ರಕ್ಕೆ ಕ್ರಾಂತಿಗೆ ಮುಂಚಿನದು ಅಂತಲ್ಲ, ಊರಿನ ಹೆಸರನ್ನೂ ಕೂಡಿಸಿ ಓದಬೇಕು.

ಕನ್ನಡಿಗರು ಎಡವುವ ಒಂದು ಜಾಗ ‘ರಾದುಗ’. ಎಪ್ಪತ್ತು, ಎಂಬತ್ತರ ದಶಕದಲ್ಲಿ ನವಕರ್ನಾಟಕದ ಮಳಿಗೆಗಳಲ್ಲಿ ಮಾಸ್ಕೋದ ಪುಸ್ತಕ ಕೊಂಡು ಬೆಳೆದವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಅದು 1982ರಲ್ಲಿ ಪ್ರಗತಿ ಪ್ರಕಾಶನದಿಂದ ಒಡೆದು ಹುಟ್ಟಿದ ಮಾಸ್ಕೋದ ಸಂಸ್ಥೆ. ಲೆಬೆದೆವ್‌ನ ಪುಸ್ತಕ ತಂದ ರಾದುಗ ಬೇರೆ: 1922ರಲ್ಲಿ ಪೆತ್ರೊಗ್ರಾದ್‌ನಲ್ಲಿ ಶುರುವಾಗಿ 1930ರಲ್ಲಿ ಮುಚ್ಚಿದ ಖಾಸಗಿ ಪ್ರಕಾಶನ. ಆನ್‌ಲೈನ್ ಪಟ್ಟಿಗಳಲ್ಲಿ ಎರಡೂ ಒಂದೇ ಹೆಸರಿನಡಿ ಬರುತ್ತವೆ. ಸಾಲದ್ದಕ್ಕೆ ಇಪ್ಪತ್ತರ ದಶಕದ ಮಕ್ಕಳ ಪುಸ್ತಕಗಳನ್ನು ಲೆನಿನ್‌ಗ್ರಾದ್‌ನ ‘ಹುದೋಝ್ನಿಕ್ ಆರ್‌ಎಸ್‌ಎಫ್‌ಎಸ್‌ಆರ್’ ಪ್ರಕಾಶನ ಮತ್ತೆ ಅಚ್ಚು ಹಾಕಿ ಅಗ್ಗದಲ್ಲಿ ಮಾರಿತ್ತು. ಅವು ಚೆಂದದ ಪುಸ್ತಕಗಳೇ, ಗೋಡೆಗೆ ತೂಗುಹಾಕಲು ಧಾರಾಳ ಸಾಕು. ಮೂಲದ ಬೆಲೆ ಕೊಟ್ಟು ಕೊಳ್ಳುವಂಥವಲ್ಲ. ಹಿಂಬದಿಯಲ್ಲಿ ‘ತ್ಸೆನಾ’ ಎಂದು ಕೊಪೆಕ್‌ನಲ್ಲಿ ಬೆಲೆಯೂ, ಲಕ್ಷ ಸಮೀಪದ ತಿರಾಝ್ ಸಂಖ್ಯೆಯೂ ಕಂಡರೆ ಅದು ಈ ಮರುಮುದ್ರಣವೇ ಎಂದು ಅನುಮಾನಿಸಿ.

ಸಣ್ಣಕ್ಷರವನ್ನೂ ನಕಲು ಮಾಡಬಹುದು. ಮಸಿ ಕಾಗದಕ್ಕೆ ಹತ್ತಿದ ಬಗೆಯನ್ನು ನಕಲು ಮಾಡುವುದು ಕಷ್ಟ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಈ ಹವ್ಯಾಸದಲ್ಲಿ ಅದಕ್ಕಿಂತ ಹೆಚ್ಚು ದುಡ್ಡು ಉಳಿಸುವ ಸಾಮಾನು ಇನ್ನೊಂದಿಲ್ಲ. ಮೊಳೆಯಚ್ಚಿನಲ್ಲಿ ಒತ್ತಡಕ್ಕೆ ಮಸಿ ಅಕ್ಷರದ ಅಂಚಿಗೆ ಸರಿದು, ಸುತ್ತ ದಟ್ಟನೆಯ ಗೆರೆಯಾಗಿ ನಿಲ್ಲುತ್ತದೆ. ಹಾಳೆಯನ್ನು ತಿರುಗಿಸಿ ದೀಪವನ್ನು ಪಕ್ಕದಿಂದ ಹಿಡಿದರೆ ಹಿಂಬದಿಯಲ್ಲಿ ಅಕ್ಷರದ ಉಬ್ಬು ಕಾಣುತ್ತದೆ. ‘ದ್ಲ್ಯಾ ಗೋಲಸಾ’ದ ಚಿತ್ರಗಳೆಲ್ಲ ಅಚ್ಚುಕೂಟದ ಪೆಟ್ಟಿಗೆಯಲ್ಲಿ ಸಿಗುವ ಮೊಳೆ, ಪಟ್ಟಿಗಳಿಂದಲೇ ಕಟ್ಟಿದವು. ಕಪ್ಪು, ಕೆಂಪು ಎರಡೇ ಮಸಿ, ಎರಡೂ ಅಖಂಡ ಬಣ್ಣ. ಅದರ ಕೆಂಪಿನಲ್ಲಿ ಚುಕ್ಕೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಮಸಿಯಲ್ಲಿ ಚುಕ್ಕೆಯಿಲ್ಲ, ಆದರೆ ಹಿಂಬದಿ ಉಬ್ಬೂ ಇಲ್ಲ, ಕಾಗದ ಹಾಲುಬಿಳಿ ಎಂದಾದರೆ ಒಳ್ಳೆಯ ಗುಣಮಟ್ಟದ ಮರುಮುದ್ರಣ ಇರಬಹುದು. 2000ರಲ್ಲಿ ಬ್ರಿಟಿಷ್ ಲೈಬ್ರರಿ ಮತ್ತು ಎಂಐಟಿ ಪ್ರೆಸ್ ತಂದ ಪ್ರತಿರೂಪ ಮುದ್ರಣ ಪೆಟ್ಟಿಗೆಯಿಂದ ಬೇರ್ಪಟ್ಟು ಒಂಟಿಯಾಗಿ ಮಾರಾಟಕ್ಕೆ ಬಂದರೆ ಗೊಂದಲ ಖಂಡಿತ.

ಕಲ್ಲಚ್ಚಿನಲ್ಲಿ ಉಬ್ಬು ಇರುವುದಿಲ್ಲ. ಮಸಿ ಸಮತಟ್ಟಾಗಿ ಕೂತಿರುತ್ತದೆ, ಕ್ರೇಯಾನ್ ಎಳೆದ ಕಡೆ ಕಲ್ಲಿನ ಮರಳು ಮರಳಾದ ಕಣ ಕಾಣುತ್ತದೆ. ಲೆಬೆದೆವ್‌ನ ಪುಸ್ತಕಗಳಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಕಲ್ಲು. ಹಾಗಾಗಿ ಬಣ್ಣಗಳ ಗಡಿಯಲ್ಲಿ ಅರ್ಧ ಮಿಲಿಮೀಟರು ಆಚೀಚೆ ಸರಿದಿರುವುದು ಸಹಜ, ಒಂದು ಪ್ರತಿಯಿಂದ ಇನ್ನೊಂದಕ್ಕೆ ಅದು ಬದಲಾಗುತ್ತದೆ. ಅದನ್ನು ದೋಷ ಎನ್ನಬಾರದು. ಹಸಿರು ಜಾಗವನ್ನು ಹಿಗ್ಗಿಸಿ ನೋಡಿದಾಗ ನೀಲಿ, ಹಳದಿ, ಗುಲಾಬಿ ಚುಕ್ಕೆಗಳು ಹೂವಿನ ಎಸಳಿನ ಹಾಗೆ ಸುತ್ತುಗಟ್ಟಿ ಕೂತಿದ್ದರೆ ಅದು ಆಫ್‌ಸೆಟ್, ಅಂದರೆ ಮರುಮುದ್ರಣ.

ಆದರೆ ‘ಚುಕ್ಕೆ ಕಂಡರೆ ನಕಲು’ ಎಂಬ ಸುಲಭ ಸೂತ್ರ ಎಲ್ಲ ಕಡೆ ನಡೆಯುವುದಿಲ್ಲ. ‘ಪ್ರೊ ಎತೊ’ದ ಫೋಟೊ ಜೋಡಣೆಗಳು ಮೂಲದಲ್ಲೇ ಹಾಫ್‌ಟೋನ್ ಬ್ಲಾಕಿನಿಂದ, ಅಂದರೆ ಫೋಟೊವನ್ನು ಚುಕ್ಕೆಗಳಾಗಿ ಒಡೆದ ಅಚ್ಚಿನಿಂದ, ಮೂಡಿದವು, ಅಲ್ಲಿ ಚುಕ್ಕೆ ಇರಲೇಬೇಕು: ಒಂದೇ ಕಪ್ಪು ಮಸಿಯ, ಸಾಲು ಹಿಡಿದ, ಅಂಚು ಸ್ಪಷ್ಟವಾದ ಚುಕ್ಕೆ. ಅದನ್ನು ಫೋಟೊ ಹಿಡಿದು ಮತ್ತೆ ಅಚ್ಚು ಹಾಕಿದಾಗ ಎರಡು ಜಾಲರಿ ಒಂದರ ಮೇಲೊಂದು ಬಿದ್ದು ಅಲೆಯಲೆಯಾದ ಪಟ್ಟಿ ಮೂಡುತ್ತದೆ, ಇಲ್ಲವೇ ಚುಕ್ಕೆಗಳು ಕಲಸಿಕೊಂಡು ನೆರಳು ಮಂಕಾಗುತ್ತದೆ. ಈ ಪುಸ್ತಕದಲ್ಲಿ ಕವಿಯ ಪ್ರೇಯಸಿ ಲಿಲ್ಯಾ ಬ್ರಿಕ್‌ಳ ಮುಖವಿರುವ ಮುಖಪುಟ ಬಿಟ್ಟು ಎಂಟು ಚಿತ್ರಹಾಳೆ ಇರಬೇಕು. ಅವು ಪ್ರತ್ಯೇಕ ಹಾಳೆಗಳಾದ್ದರಿಂದ ಕಿತ್ತು ಬಿಡಿಬಿಡಿಯಾಗಿ ಮಾರುವುದು ಸುಲಭ. ಏಳಿದ್ದರೆ ಪುಸ್ತಕ ಅಪೂರ್ಣ.

‘ಯುಎಸ್‌ಎಸ್‌ಆರ್ ಇನ್ ಕನ್‌ಸ್ಟ್ರಕ್ಷನ್’ ಮಾಸಪತ್ರಿಕೆಯದು (1930–41, ಯುದ್ಧದ ನಂತರ 1949ರಲ್ಲಿ ಮತ್ತೆ ಸ್ವಲ್ಪ ಕಾಲ) ಮೂರನೇ ಬಗೆಯ ಅಚ್ಚು, ರೋಟೊಗ್ರೇವ್ಯೂರ್: ಉರುಳೆಯಲ್ಲಿ ಕೊರೆದ ಸಣ್ಣ ತಗ್ಗುಗಳಿಂದ ಮಸಿ ಕಾಗದಕ್ಕೆ ಬರುವ ವಿಧಾನ. ಇಲ್ಲಿ ಚಿತ್ರವಷ್ಟೇ ಅಲ್ಲ, ಅಕ್ಷರದ ಅಂಚೂ ಸಣ್ಣ ಸಣ್ಣ ಚೌಕಗಳಾಗಿ ಹಲ್ಲುಹಲ್ಲಾಗಿ ಕಾಣುತ್ತದೆ. ಕಪ್ಪು ಜಾಗ ಮಖಮಲ್ಲಿನಷ್ಟು ಆಳ. ರಷ್ಯನ್ ಜೊತೆಗೆ ಇಂಗ್ಲಿಷ್, ಜರ್ಮನ್, ಫ್ರೆಂಚ್ ಆವೃತ್ತಿಗಳೂ, ಮುಂದೆ ಸ್ಪ್ಯಾನಿಷ್ ಆವೃತ್ತಿಯೂ ಬಂದವು. ಲಿಸಿತ್ಸ್ಕಿ, ರೋದ್‌ಚೆಂಕೊ, ಸ್ತೆಪಾನೊವಾ ಕೆಲವು ಇಡೀ ಸಂಚಿಕೆಗಳನ್ನು ಹೊತ್ತು ವಿನ್ಯಾಸ ಮಾಡಿದ್ದಾರೆ. ಶುರು ಮಾಡಲು ಇದರ ಇಂಗ್ಲಿಷ್ ಆವೃತ್ತಿಯೇ ನಮ್ಮ ಆಯ್ಕೆ: ವಿನ್ಯಾಸ ಅದೇ, ಅಚ್ಚು ಅದೇ, ಹುಟ್ಟಿನಿಂದಲೇ ರಷ್ಯಾದ ಹೊರಗೆ ಹಂಚಿಕೆಯಾದದ್ದರಿಂದ ಕಾಗದಪತ್ರದ ತಕರಾರಿಲ್ಲ. ನೋಡಬೇಕಾದದ್ದು ಮಡಿಕೆ ಹಾಳೆಗಳನ್ನು. 1935ರ ಡಿಸೆಂಬರಿನ ಪ್ಯಾರಾಚೂಟ್ ಸಂಚಿಕೆಯಂಥವುಗಳಲ್ಲಿ ಬಿಚ್ಚಿ ನೋಡುವ ಹಾಳೆಗಳಿವೆ, ಮಡಿಕೆಯ ಜಾಗದಲ್ಲೇ ಮೊದಲು ಹರಿಯುತ್ತದೆ, ಹರಿದದ್ದನ್ನು ಹಿಂದಿನ ಒಡೆಯರು ಸೆಲ್ಲೋಟೇಪಿನಿಂದ ಅಂಟಿಸಿರುತ್ತಾರೆ. ಟೇಪಿನ ಅಂಟು ಕಾಗದದೊಳಗೆ ಇಳಿದು ಕಂದಾದರೆ ತೆಗೆಯುವ ಖರ್ಚು ಸಂಚಿಕೆಯ ಬೆಲೆಯನ್ನು ಮೀರಬಹುದು.

ಇನ್ನೊಂದು ಪರೀಕ್ಷೆಗೆ 365 ನ್ಯಾನೊಮೀಟರಿನ ನೇರಳಾತೀತ ಟಾರ್ಚು ಬೇಕು. ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕವನ್ನು ಬೆರೆಸುವುದು ವ್ಯಾಪಕವಾದದ್ದು ಸುಮಾರು 1950ರಿಂದ ಈಚೆಗೆ. ಕತ್ತಲೆ ಕೋಣೆಯಲ್ಲಿ ಟಾರ್ಚು ಬಿಟ್ಟಾಗ ಹಾಳೆ ನೀಲಿಬಿಳಿಯಾಗಿ ಜಗ್ಗನೆ ಹೊಳೆದರೆ ಅದು 1920ರ ಕಾಗದವಲ್ಲ. ಒಳಪುಟಗಳು ಮಂಕಾಗಿದ್ದು ಮುಖಪುಟ ಮಾತ್ರ ಹೊಳೆದರೆ, ಅಸಲಿ ಒಡಲಿಗೆ ಹೊಸ ಮುಖಪುಟ ಹೊಂದಿಸಿದ್ದಾರೆ ಎಂದರ್ಥ. ಮುಖಪುಟಕ್ಕೇ ಬೆಲೆ ಇರುವ ಸರಕಿನಲ್ಲಿ ಹೆಚ್ಚು ನಡೆಯುವ ಮೋಸ ಇದೇ. ಹೊಳೆಯದಿದ್ದರೆ ಅಸಲಿ ಎಂದು ಸಾಬೀತಾಗುವುದಿಲ್ಲ. ಹಳೆಯ ಪುಸ್ತಕದ ಖಾಲಿ ಹಾಳೆ ಹರಿದು ಅದರ ಮೇಲೆ ಅಚ್ಚು ಹಾಕುವವರಿದ್ದಾರೆ.

ಗ್ರಂಥಾಲಯದ ಮುದ್ರೆ ಕಂಡು ಹೆದರುವವರೂ ಇದ್ದಾರೆ, ಅದನ್ನು ಗಮನಿಸದವರೂ ಇದ್ದಾರೆ. ಸೋವಿಯತ್ ಗ್ರಂಥಾಲಯಗಳು ಶೀರ್ಷಿಕೆ ಪುಟದಲ್ಲಿ ಒಂದು ಮುದ್ರೆ, 17ನೇ ಪುಟದಲ್ಲಿ ಇನ್ನೊಂದು ಒತ್ತುವ ಪದ್ಧತಿ ಇಟ್ಟುಕೊಂಡಿದ್ದವು. ಶೀರ್ಷಿಕೆ ಪುಟ ಸ್ವಚ್ಛವಾಗಿದೆ ಎಂದು ಖುಷಿಪಡುವ ಮೊದಲು 17ನೇ ಪುಟ ತೆರೆದು ಬೆಳಕಿಗೆ ಹಿಡಿಯಿರಿ. ಅಲ್ಲಿ ಕಾಗದ ತೆಳುವಾಗಿದ್ದರೆ, ಉಜ್ಜಿ ಜೂಲು ಎದ್ದಿದ್ದರೆ, ಚೌಕ ಕತ್ತರಿಸಿ ತೇಪೆ ಹಾಕಿದ್ದರೆ ಯಾರೋ ಮುದ್ರೆ ಅಳಿಸಿದ್ದಾರೆ. ಹನ್ನೆರಡು ಪುಟದ ಮಕ್ಕಳ ಪುಸ್ತಕಕ್ಕೆ 17ನೇ ಪುಟವೇ ಇರುವುದಿಲ್ಲವಲ್ಲ, ಅಲ್ಲಿ ಮುಖಪುಟದ ಒಳಬದಿಯನ್ನು ನೋಡಬೇಕು. ಮುದ್ರೆಯ ಮೇಲೆ ‘ಪೊಗಾಶೆನೊ’ (ರದ್ದು) ಎಂದು ಇನ್ನೊಂದು ಮುದ್ರೆ ಇದ್ದರೆ ಗ್ರಂಥಾಲಯವೇ ಕಾನೂನುಬದ್ಧವಾಗಿ ಹೊರಹಾಕಿದ ಪ್ರತಿ, ನಿಶ್ಚಿಂತೆಯಿಂದ ಕೊಳ್ಳಬಹುದು. ಹಿಂಬದಿಯಲ್ಲಿ ಹಳೆಯ ಪುಸ್ತಕದಂಗಡಿಯ ನೇರಳೆ ಮುದ್ರೆ, ರೂಬಲ್ ಬೆಲೆ ಇದ್ದರೆ ಅದೂ ಒಳ್ಳೆಯ ಲಕ್ಷಣ, ಅದನ್ನು ಅಳಿಸಬೇಡಿ. ರದ್ದು ಮುದ್ರೆ ಇಲ್ಲದ ಗ್ರಂಥಾಲಯ ಪ್ರತಿಯನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡುವುದು ಲೇಸು. 2022–23ರಲ್ಲಿ ಯುರೋಪಿನ ಹಲವು ಗ್ರಂಥಾಲಯಗಳಿಂದ ಪುಷ್ಕಿನ್ ಮೊದಲಾದವರ ಅಪರೂಪದ ರಷ್ಯನ್ ಪುಸ್ತಕಗಳನ್ನು ಕದ್ದು, ಜಾಗದಲ್ಲಿ ನಕಲು ಇಟ್ಟು ಹೋದ ಪ್ರಕರಣದಲ್ಲಿ ಕನಿಷ್ಠ 170 ಪುಸ್ತಕ ಕಳುವಾದದ್ದು ಐರೋಪ್ಯ ಪೊಲೀಸ್ ಸಂಸ್ಥೆ ಯುರೋಪೋಲ್ ತನಿಖೆಯಲ್ಲಿ ಹೊರಬಿತ್ತು. ಅಂದಿನಿಂದ ಗಂಭೀರ ವ್ಯಾಪಾರಿಗಳು ಹಿಂದಿನ ಒಡೆತನದ ವಿವರ ಕೇಳದೆ ರಷ್ಯನ್ ಪುಸ್ತಕ ಮುಟ್ಟುವುದಿಲ್ಲ.

ಮಸಿ ಬಳಿದ ಮುಖಗಳ ಬಗ್ಗೆ ಒಂದು ಮಾತು. 1930ರ ದಶಕದಲ್ಲಿ ಸ್ಟಾಲಿನ್ ನಡೆಸಿದ ‘ಶುದ್ಧೀಕರಣ’ದಲ್ಲಿ ಬಂಧಿತರಾದವರ ಹೆಸರು, ಚಿತ್ರ ಮನೆಯಲ್ಲಿದ್ದರೂ ಅಪಾಯವಾಗಿತ್ತು. ಉಜ್ಬೇಕಿಸ್ತಾನದ ಹತ್ತು ವರ್ಷಗಳ ಕುರಿತು ತಾನೇ 1934ರಲ್ಲಿ ವಿನ್ಯಾಸ ಮಾಡಿದ್ದ ಆಲ್ಬಮ್ಮಿನ ಸ್ವಂತ ಪ್ರತಿಯಲ್ಲಿ ರೋದ್‌ಚೆಂಕೊ ಹಲವು ನಾಯಕರ ಮುಖಕ್ಕೆ ಕಪ್ಪು ಮಸಿ ಬಳಿದ. ಫೋಟೊ ಜೋಡಣೆಯ ಇನ್ನೊಬ್ಬ ದಿಗ್ಗಜ ಗುಸ್ತಾವ್ ಕ್ಲುತ್ಸಿಸ್‌ನನ್ನು 1938ರಲ್ಲಿ ಗುಂಡಿಟ್ಟು ಕೊಂದರು. ಹೀಗಾಗಿ ಪುಟ ಕಿತ್ತ, ಹೆಸರು ಗೀಚಿದ ಪ್ರತಿಗಳು ಸಾಕಷ್ಟು ಸಿಗುತ್ತವೆ. ಅಂಗಡಿಯವರು ಇದಕ್ಕೆ ಬೆಲೆ ಇಳಿಸುತ್ತಾರೆ. ಕಿತ್ತುಹೋದ ಪುಟಕ್ಕೆ ಇಳಿಸಬೇಕಾದ್ದೇ. ಆದರೆ ಅಂದಿನ ಕೈಯಿಂದಲೇ ಬಳಿದ ಮಸಿಯನ್ನು ದೋಷದ ಲೆಕ್ಕಕ್ಕೆ ಸೇರಿಸುವುದನ್ನು ನಾವು ಒಪ್ಪುವುದಿಲ್ಲ. ಅದನ್ನು ತೊಳೆಸಿ ‘ಸರಿಮಾಡಿಸುವುದು’ ಶುದ್ಧ ತಪ್ಪು.

ಕೊಳ್ಳುವುದು ಎಲ್ಲಿಂದ? ರಷ್ಯಾದಿಂದ ಹಳೆಯ ಪುಸ್ತಕ ಹೊರತರಲು ಅಲ್ಲಿನ ಸಂಸ್ಕೃತಿ ಇಲಾಖೆಯ ಪರವಾನಗಿ ಬೇಕಾಗುತ್ತದೆ. 2022ರಿಂದ ದುಡ್ಡು ಕಳಿಸುವ ದಾರಿಯೂ ಕಿರಿದಾಗಿದೆ. ಬರ್ಲಿನ್, ಲಂಡನ್, ಪ್ಯಾರಿಸ್, ನ್ಯೂಯಾರ್ಕ್‌ಗಳಲ್ಲಿ ದಶಕಗಳ ಹಿಂದೆಯೇ ಹೊರಬಂದ ಸರಕು ಸಾಕಷ್ಟಿದೆ. ಅಂತರರಾಷ್ಟ್ರೀಯ ಪುಸ್ತಕ ವ್ಯಾಪಾರಿಗಳ ಒಕ್ಕೂಟ ಐಎಲ್‌ಎಬಿಯ ಸದಸ್ಯರಾದರೆ ನಕಲು ಎಂದು ತಿಳಿದಾಗ ಹಿಂದಿರುಗಿಸಲು ದಾರಿ ಇರುತ್ತದೆ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಶೇ. 25ರಿಂದ 30ರಷ್ಟು ಹರಾಜು ಮನೆಯ ಕಮಿಷನ್ ಬೀಳುತ್ತದೆ, ಅದನ್ನು ಕೂಡಿಸಿಯೇ ಮಿತಿ ಹಾಕಿಕೊಳ್ಳಬೇಕು. ದುಡ್ಡು ಕಳಿಸುವ ಮೊದಲು ಮಾರುವವರಿಂದ ಫೋಟೊ ತರಿಸಿ: ಮುಖಪುಟದ ಎರಡೂ ಬದಿ, ಬೆನ್ನು, ಮುದ್ರಣ ವಿವರದ ಪುಟ, 17ನೇ ಪುಟ, ನಡುಪುಟದ ಪಿನ್ನು, ಜೊತೆಗೆ ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಒಂದು. ಅಳತೆಯನ್ನು ಮಿಲಿಮೀಟರಿನಲ್ಲಿ ಕೇಳಿ; ಅಂಚು ಕತ್ತರಿಸಿ ‘ಚೊಕ್ಕ’ ಮಾಡಿದ ಪ್ರತಿ ಮೂಲಕ್ಕಿಂತ ನಾಲ್ಕೈದು ಮಿಲಿಮೀಟರು ಸಣ್ಣದಿರುತ್ತದೆ. ಹೋಲಿಸಿ ನೋಡಲು ನ್ಯೂಯಾರ್ಕಿನ ಮೋಮಾ ಸಂಗ್ರಹಾಲಯ 2002ರ ರಷ್ಯನ್ ಪುಸ್ತಕ ಪ್ರದರ್ಶನದ ಕ್ಯಾಟಲಾಗನ್ನು ಉಚಿತವಾಗಿ ಇಟ್ಟಿದೆ. ಮಕ್ಕಳ ಪುಸ್ತಕಗಳಿಗೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕೋಟ್ಸೆನ್ ಸಂಗ್ರಹದ ಸ್ಕ್ಯಾನುಗಳಿವೆ. ಆದರೆ ಫ್ಯೂಚರಿಸ್ಟ್ ಪುಸ್ತಕಗಳಲ್ಲಿ ಹೋಲಿಕೆ ಎಲ್ಲ ಸಲ ಕೂಡಿಬರುವುದಿಲ್ಲ: 220 ಪ್ರತಿಗಳ ‘ಮಿರ್‌ಸ್ಕೊಂತ್ಸಾ’ಗೆ (1912) ಕಲಾವಿದೆ ಗೊಂಚರೊವಾ ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ ಮುಖಪುಟ ಪ್ರತಿಯಿಂದ ಪ್ರತಿಗೆ ಬೇರೆ ಬೇರೆ.

ಮನೆಗೆ ಬಂದ ಮೇಲೆ ಶತ್ರು ಕಾಗದದೊಳಗೇ ಇದೆ. ಅಂತರ್ಯುದ್ಧದ ಬಡತನದ ಕಾಲದ ಕಾಗದ ಮರದ ಹಿಟ್ಟಿನದು, ಆಮ್ಲ ಹೆಚ್ಚು. ಬೆಳಕು, ಸೆಕೆಗೆ ಕಂದಾಗಿ ಹಪ್ಪಳದಂತಾಗುತ್ತದೆ. ತೇವಾಂಶ ಶೇ. 45ರಿಂದ 55ರ ಒಳಗಿರಲಿ. 65 ದಾಟಿದರೆ ಬೂಷ್ಟು ಏಳುತ್ತದೆ. ಬೆಂಗಳೂರಿನಲ್ಲಿ ವರ್ಷದ ಬಹುಪಾಲು ಕಪಾಟಿನಲ್ಲೇ ನಿಭಾಯಿಸಬಹುದು. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಮುಚ್ಚಳ ಬಿಗಿಯಾದ ಪೆಟ್ಟಿಗೆ, ಒಳಗೆ 100–200 ಗ್ರಾಂ ಸಿಲಿಕಾ ಜೆಲ್, ಒಂದು ಪುಟ್ಟ ತೇವಾಂಶ ಮಾಪಕ ಬೇಕೇ ಬೇಕು. ಪುಸ್ತಕ ಮೊದಲೇ ಒದ್ದೆಯಾಗಿದ್ದರೆ ಒಣಗಿಸದೆ ಪೆಟ್ಟಿಗೆಗೆ ಹಾಕಬೇಡಿ. ಸ್ಟೇಷನರಿ ಅಂಗಡಿಯ ಪಿವಿಸಿ ಕವರು ಬೇಡ, ಅದರ ಎಣ್ಣೆಯಂಶ ಮಸಿಯನ್ನು ಎಬ್ಬಿಸಿಕೊಳ್ಳುತ್ತದೆ. 50–75 ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಹಾಳೆಯ ಕವರಿಗೆ ಆಮ್ಲರಹಿತ ರಟ್ಟು ಸೇರಿಸಿ ಮಲಗಿಸಿಡಿ. ನುಸಿಗುಳಿಗೆಯ ವಾಸನೆ ಕಾಗದದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಮೈದಾ ಅಂಟು ಹುಳುವನ್ನು ಕರೆದು ಕೂರಿಸುತ್ತದೆ. ತುಕ್ಕು ಹಿಡಿದ ಪಿನ್ನನ್ನು ಉಗುರಿನಿಂದ ಎಬ್ಬಿದರೆ ಕಾಗದದ ತುಂಡೇ ಜೊತೆಗೆ ಬರುತ್ತದೆ. ನಡುಪುಟದಲ್ಲಿ ಪಿನ್ನಿನ ಕಾಲಿನಡಿ ಪಾಲಿಯೆಸ್ಟರ್ ಚೂರು ತೂರಿಸಿ, ತೆಳು ಲೋಹದ ಪಟ್ಟಿಯಿಂದ ಕಾಲನ್ನು ನೆಟ್ಟಗೆ ಮಾಡಿ, ಹೊರಗಿನಿಂದ ಮೆಲ್ಲನೆ ಎಳೆಯಬೇಕು. ಅದೇ ರಂಧ್ರಗಳಲ್ಲಿ ನಾರಿನ ದಾರ ಹಾಕಿ ಹೊಲಿಯಬೇಕು. ಕಾಗದ ಮುಟ್ಟಿದರೆ ಉದುರುವಂತಿದ್ದರೆ ಈ ಕೆಲಸ ಸಂರಕ್ಷಣಾ ತಜ್ಞರದ್ದು.

ಕಸ್ಟಮ್ಸ್‌ನಲ್ಲಿ ತಡವಾಗುವುದು ಬಹುಮಟ್ಟಿಗೆ ಬಿಲ್ಲಿನ ಒಂದು ಸಾಲಿನಿಂದ. ಕಸ್ಟಮ್ಸ್ ಸುಂಕಪಟ್ಟಿಯ ಸಂಖ್ಯೆಗಳಲ್ಲಿ ಪುಸ್ತಕ 4901ರಡಿ, ಪತ್ರಿಕೆ 4902ರಡಿ, ಮಕ್ಕಳ ಚಿತ್ರಪುಸ್ತಕ 4903ರಡಿ ಬರುತ್ತವೆ. ನೂರು ವರ್ಷ ಮೀರಿದ ಪ್ರಾಚೀನ ವಸ್ತುಗಳಿಗೆ 9706 ಎಂಬ ಬೇರೆಯೇ ಶೀರ್ಷಿಕೆ. ಆಮದು ಪುಸ್ತಕಕ್ಕೆ 2019ರ ಬಜೆಟ್‌ನಲ್ಲಿ ಶೇ. 5 ಸುಂಕ ಹಾಕಿದರು. ದರ ಬದಲಾಗುತ್ತಿರುತ್ತದೆ, ಪಾರ್ಸಲ್ ಹೊರಡುವ ಮೊದಲು ನೋಡಿಕೊಳ್ಳಿ. ಮಾರುವವರು ಬಿಲ್ಲಿನಲ್ಲಿ ಬರೇ ‘ಆಂಟಿಕ್’ ಎಂದು ಗೀಚದೆ ಅಚ್ಚಾದ ಪುಸ್ತಕ, ಊರು, ವರ್ಷ, ಪುಟಸಂಖ್ಯೆ ಬರೆಯುವಂತೆ ಕೇಳಿಕೊಳ್ಳಬೇಕು. ಆ ಬಿಲ್ಲನ್ನೂ ಕಸ್ಟಮ್ಸ್ ರಸೀದಿಯನ್ನೂ ಪುಸ್ತಕದ ಜೊತೆಗೇ ಜೋಪಾನ ಮಾಡಿ. 1972ರ ಪುರಾತನ ವಸ್ತುಗಳ ಕಾಯ್ದೆ, ಸಾಹಿತ್ಯಿಕ ಅಥವಾ ಚಾರಿತ್ರಿಕ ಮೌಲ್ಯವಿರುವ 75 ವರ್ಷ ಮೀರಿದ ಹಸ್ತಪ್ರತಿ, ದಾಖಲೆಗಳನ್ನು ಪುರಾತನ ವಸ್ತುಗಳ ಸಾಲಿಗೆ ಸೇರಿಸುತ್ತದೆ, ಅವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮುಂದೆಂದಾದರೂ ಪುಸ್ತಕವನ್ನು ವಿದೇಶಿ ಹರಾಜಿಗೆ ಕಳಿಸುವ ಯೋಚನೆ ಬಂದರೆ, ಅದಕ್ಕೆ ಈ ಕಾಯ್ದೆ ತಾಗುತ್ತದೆಯೇ ಎಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ಮೊದಲೇ ವಿಚಾರಿಸಬೇಕಾಗುತ್ತದೆ. ಪುಸ್ತಕ ಯಾವಾಗ, ಎಲ್ಲಿಂದ ಬಂತು ಎಂಬುದಕ್ಕೆ ಕೈಯಲ್ಲಿರುವ ದಾಖಲೆ ಆ ಬಿಲ್ಲೊಂದೇ.